ಟ್ಯಾಪ್ ಮಾಡೋದಾ, ಚಿಪ್ ಹಾಕೋದಾ, ಉಜ್ಜೋದಾ?

ಅಮ್ಮನಿಗೆ ಮೊದಲ ಡೆಬಿಟ್ ಕಾರ್ಡ್ ಬಂದಿದೆ, ಅಂಗಡಿಯಲ್ಲಿ ಹೇಗೆ ಬಳಸಿದರೆ ಒಳ್ಳೆಯದು ಎಂದು ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ಈ ಕಾರ್ಡಿನಲ್ಲಿ ಹೋಗುವುದು ನೇರವಾಗಿ ಖಾತೆಯ ದುಡ್ಡು ಅಲ್ವಾ?

ಮೊದಲು ನಕಲಿನ ಭಯ. ಉಜ್ಜಿದಾಗ ಯಂತ್ರ ಓದುವುದು ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯನ್ನು, ಅದರ ಮಾಹಿತಿ ಪ್ರತಿ ಸಲವೂ ಒಂದೇ. ಕಳ್ಳ ಯಂತ್ರ ಒಮ್ಮೆ ಓದಿಕೊಂಡರೆ ಸಾಕು, ನಕಲು ಕಾರ್ಡ್ ತಯಾರಾಗಬಹುದು. ಚಿಪ್, ಅಂದರೆ ಕಾರ್ಡಿನ ಮುಂದಿರುವ ಲೋಹದ ಪುಟ್ಟ ಚೌಕ, ಹಾಗಲ್ಲ; ಕಾರ್ಡನ್ನು ಯಂತ್ರದೊಳಗೆ ತೂರಿಸಿದಾಗ ಪ್ರತಿ ಪಾವತಿಗೂ ಹೊಸ ಕೋಡ್ ಕೊಡುತ್ತದೆ. ಟ್ಯಾಪ್ ಮಾಡಿದಾಗಲೂ, ಅಂದರೆ ಕಾರ್ಡನ್ನು ಯಂತ್ರದ ಹತ್ತಿರ ಹಿಡಿದಾಗಲೂ, ಕೆಲಸ ಮಾಡುವುದು ಅದೇ ಚಿಪ್. ಹಾಗಾಗಿ ಉಜ್ಜುವುದನ್ನು ನಾನು ಕೊನೆಗೆ ಇಡುತ್ತೇನೆ. ಬೇರೆ ದಾರಿಯೇ ಇಲ್ಲದಾಗ, ಗುರುತಿನ ಅಂಗಡಿಯಲ್ಲಿ ಮಾತ್ರ.

ಕಾರ್ಡ್ ಕಳೆದುಹೋದರೆ? ಸಣ್ಣ ಮೊತ್ತಕ್ಕೆ ಟ್ಯಾಪ್ ಸಾಮಾನ್ಯವಾಗಿ ಪಿನ್ ಕೇಳುವುದಿಲ್ಲ. ಸಿಕ್ಕವರು ಖರ್ಚು ಮಾಡಬಹುದು. ಇಲ್ಲಿ ಚಿಪ್ ಮತ್ತು ಪಿನ್ ಮೇಲು. ಆದರೆ ಪಿನ್ ಒತ್ತುವಾಗ ಹಿಂದೆ ನಿಂತವರ ಕಣ್ಣು ಬೀಳುತ್ತದೆ. ಇನ್ನೊಂದು ಕೈಯನ್ನು ಕೀಲಿಗಳ ಮೇಲೆ ಸೂರಿನ ಹಾಗೆ ಹಿಡಿಯಲು ಅಮ್ಮನಿಗೆ ಕಲಿಸಿ. ಟ್ಯಾಪ್‌ನಲ್ಲಿ ಆ ತೊಂದರೆ ಕಮ್ಮಿ, ಬೇಗ ಮುಗಿಯುತ್ತದೆ, ಕಾರ್ಡ್ ಕೈಬಿಟ್ಟು ಹೋಗುವುದೂ ಇಲ್ಲ. ದೂರದಿಂದ ಯಾರೋ ಓದಿಬಿಡುತ್ತಾರೆ ಅಂತ ಸುಮ್ನೆ ಹೆದರಬೇಡಿ, ಅದು ಕೆಲವೇ ಸೆಂಟಿಮೀಟರ್ ಹತ್ತಿರದಲ್ಲಿ ಕೆಲಸ ಮಾಡುತ್ತದೆ.

ದಿನವೂ ಸಣ್ಣಪುಟ್ಟ ಖರೀದಿ ಜಾಸ್ತಿ ಇದ್ದರೆ ಟ್ಯಾಪ್ ಇರಲಿ, ಮಿತಿ ಇಡಲು ಬ್ಯಾಂಕ್ ಅವಕಾಶ ಕೊಟ್ಟರೆ ಕಡಿಮೆ ಇಡಿ. ಪರ್ಸ್ ಎಲ್ಲೆಲ್ಲೋ ಮರೆಯುವ ಅಭ್ಯಾಸವಿದ್ದರೆ ಟ್ಯಾಪ್ ಆಫ್ ಮಾಡಿಸಿ, ಪಿನ್ ಒತ್ತಿಯೇ ಕೊಡಲಿ.