ದಾರಿಯ ನೀರಿಗೆ ನಾಲ್ಕು ಥರ ನೋಡಿದೆ, 280 ರೂಪಾಯಿಯ ಸ್ಟೀಲ್ ಬಾಟಲಿಗೇ ವಾಪಸ್ ಬಂದೆ

ಮೊದಲೇ ಹೇಳಿಬಿಡುತ್ತೇನೆ. ಗೆದ್ದಿದ್ದು ಮಂಡ್ಯದ ಪೇಟೆ ಬೀದಿಯ ಪಾತ್ರೆ ಅಂಗಡಿಯಲ್ಲಿ 280 ರೂಪಾಯಿ ಕೊಟ್ಟು ತಂದ ಮಾಮೂಲಿ ಸ್ಟೀಲ್ ಬಾಟಲ್. ಒಂದೇ ಪದರದ್ದು, ಒಂದು ಲೀಟರಿನದು, ಕೈ ಹೋಗುವಷ್ಟು ಅಗಲದ ಬಾಯಿ. ಅಲ್ಲಿಗೆ ಬರುವ ಮೊದಲು 1,150 ರೂಪಾಯಿಯ ಫ್ಲಾಸ್ಕು, 1,900 ರೂಪಾಯಿಯ ಫಿಲ್ಟರ್ ಬಾಟಲ್, ಒಂದು ಪಟ್ಟಿ ಕ್ಲೋರಿನ್ ಮಾತ್ರೆ ಎಲ್ಲ ಆಗಿತ್ತು. ದುಡ್ಡು ನನ್ನದೇ, ಆದ್ದರಿಂದ ಬೈಯುವ ಹಕ್ಕೂ ನನ್ನದೇ.

ನಾನು ದಿನಾ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವಳು. ವರ್ಷಕ್ಕೆ ಒಂದೆರಡು ಸಲ ಅವ್ವನ ಜೊತೆ ಮಾದಪ್ಪನ ಬೆಟ್ಟ. ದುಡ್ಡು ಕೂಡಿದರೆ ಒಂದು ದೂರದ ಯಾತ್ರೆ. ಎಲ್ಲ ಶುರುವಾಗಿದ್ದು ಯಾವುದೋ ಬಸ್ ನಿಲ್ದಾಣದಲ್ಲಿ ಕೊಂಡ ನೀರಿನ ಬಾಟಲಿಯಿಂದ. ಮುಚ್ಚಳ ತಿರುಗಿಸಿದರೆ ಸೀಲ್ ಮುರಿಯುವ ಸದ್ದೇ ಬರಲಿಲ್ಲ. ಬಸ್ ಹೊರಟಿತ್ತು, ಬಾಯಾರಿತ್ತು, ಕುಡಿದುಬಿಟ್ಟೆ. ಮಾರನೇ ದಿನ ಹೊಟ್ಟೆ ಕೆಟ್ಟು ಮೂರು ದಿನ ರಜೆ. ನೀರಿನಿಂದಲೇ ಆಯಿತು ಅಂತ ಆಣೆ ಮಾಡಿ ಹೇಳಲಾರೆ, ಅವತ್ತು ಸಂಜೆ ಪಾನಿಪುರಿಯನ್ನೂ ತಿಂದಿದ್ದೆ. ಆದರೆ ಅವ್ವ ಆಗಲೇ ತೀರ್ಪು ಕೊಟ್ಟಾಗಿತ್ತು: "ಕಂಡೋರ್ ನೀರು ಕುಡಿದ್ರೆ ಇನ್ನೇನಾಯ್ತದೆ?"

ಹಾಗೆ ಮೊದಲು ಬಂದಿದ್ದು ಫ್ಲಾಸ್ಕು. ಮನೆಯಲ್ಲೇ ಕುದಿಸಿದ ನೀರು ಒಯ್ಯೋಣ, ಸುಲಭ ಅಲ್ವಾ ಅಂದುಕೊಂಡೆ. ಬೆಟ್ಟಕ್ಕೆ ಹೊರಡುವ ದಿನ ಬೆಳಗಿನ ಜಾವ 5 ಗಂಟೆಗೆ ಜೀರಿಗೆ ಹಾಕಿ ನೀರು ಕುದಿಸಿದೆ, ಫ್ಲಾಸ್ಕಿಗೆ ಸುರಿದೆ, ಮುಚ್ಚಳ ಬಿಗಿದೆ. ಮಳವಳ್ಳಿ ದಾಟುವಾಗ ಅವ್ವ ನೀರು ಕೇಳಿದಳು. ಮುಚ್ಚಳ ತೆಗೆದರೆ ಹೊಗೆ. ಇರಲಿ, ಆರುತ್ತೆ ಅಂದೆ. ಕೊಳ್ಳೇಗಾಲದಲ್ಲಿ ಬಸ್ ಬದಲಾಯಿಸಿದೆವು, ಆಗಲೂ ಹೊಗೆ. ಹನೂರು ದಾಟಿತು. ಬಿಸಿಲು ಏರಿತು. ತಾಳಬೆಟ್ಟದಿಂದ ಮೇಲೆ ಘಾಟಿಯ ತಿರುವಿನಲ್ಲಿ ಅವ್ವನಿಗೆ ಹೊಟ್ಟೆ ತೊಳೆಸಲು ಶುರುವಾಯಿತು. ಒಂದು ಗುಟುಕು ತಣ್ಣನೆ ನೀರು ಬೇಕಿತ್ತು. ನನ್ನ ಹತ್ತಿರ ಇದ್ದಿದ್ದು ಮುಕ್ಕಾಲು ಲೀಟರ್ ಸುಡು ನೀರು! "ಬಾಯಾರ್ಕೆ ಅಂದ್ರೆ ಬಾಯ್ ಸುಡ್ತೀಯಲ್ಲ ಕಣವ್ವಾ" ಅಂದಳು. ಪಕ್ಕದ ಸೀಟಿನವರು ತಮ್ಮ ಪ್ಲಾಸ್ಟಿಕ್ ಬಾಟಲ್ ಕೊಟ್ಟರು. ಯಾವ ಕಂಡೋರ ನೀರು ಬೇಡ ಅಂತ ಸಾವಿರದ ಮೇಲೆ ಖರ್ಚು ಮಾಡಿದ್ದೆನೋ, ಕೊನೆಗೆ ಅದನ್ನೇ ಕುಡಿದದ್ದು.

ಫ್ಲಾಸ್ಕಿನದು ಏನೂ ತಪ್ಪಿಲ್ಲ. ಎರಡು ಗೋಡೆ, ನಡುವೆ ಗಾಳಿಯೇ ಇಲ್ಲ, ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಬಿಸಿ ಹಾಗೇ ಇಡುವುದೇ ಅದರ ಕೆಲಸ. ರಾತ್ರಿಯೇ ಕುದಿಸಿ, ಮುಚ್ಚಿಟ್ಟು, ಬೆಳಿಗ್ಗೆ ಆರಿದ ನೀರು ತುಂಬಿಸಬಹುದಲ್ಲ ಅನ್ನುತ್ತೀರಿ. ಅದನ್ನೂ ಮಾಡಿದೆ. ಆದರೆ ಆರಿದ ನೀರಿಗೆ ಫ್ಲಾಸ್ಕೇ ಏಕೆ? ಆಮೇಲೆ ಅದು ದಿನವಿಡೀ ಖಾಲಿಯಾದ ಮೇಲೂ ಭಾರ. ಹೆಗಲು ನೋಯುತ್ತದೆ.

ಒಂದೇ ಪದರದ ಸ್ಟೀಲ್ ಬಾಟಲಿನ ಗುಟ್ಟು ಇಲ್ಲೇ ಇದೆ. ಕುದಿ ನೀರು ಸುರಿದು ಲಾಡ್ಜಿನ ಬಕೆಟ್ ತಣ್ಣೀರಿನಲ್ಲಿ ನಿಲ್ಲಿಸಿದರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕುಡಿಯುವ ಹದ. ಮುಚ್ಚಳದ ಮೇಲಕ್ಕೆ ಬಕೆಟ್ ನೀರು ಬರದಂತೆ ನೋಡಿಕೊಂಡರೆ ಆಯಿತು. ಮುಟ್ಟಿದರೆ ಎಷ್ಟು ಬಿಸಿ ಅಂತಲೂ ಗೊತ್ತಾಗುತ್ತದೆ, ಆದ್ದರಿಂದ ಸುರಿದ ತಕ್ಷಣ ಬಟ್ಟೆ ಸುತ್ತಿ ಹಿಡಿಯಬೇಕು. ಮನೆಗೆ ಬಂದರೆ ಕೈ ಹಾಕಿ ಹುಣಸೆಹಣ್ಣಿನಲ್ಲಿ ಉಜ್ಜಿದರೆ ಫಳಫಳ.

ಕುದಿಸುವುದಕ್ಕೂ ಜಾಸ್ತಿ ಹೊತ್ತು ಬೇಡ. ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಸಾಕು, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ, ವೈರಸ್ ಎಲ್ಲ ಸಾಯುತ್ತವೆ. ಕೇದಾರನಾಥದಂಥ ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ 3 ನಿಮಿಷ. ಅವ್ವ ಕಾಲು ಗಂಟೆ ಕುದಿಸುತ್ತಾಳೆ, ಗ್ಯಾಸ್ ದಂಡ.

ದಾರಿಯಲ್ಲಿ ನೀರು ಮುಗಿದರೆ ಟೀ ಅಂಗಡಿ. ಇಲ್ಲಿ ಒಂದು ಮೋಸ ಇದೆ, ಯಾರೂ ಬೇಕಂತ ಮಾಡುವುದಲ್ಲ. ಹೋಟೆಲಿನಲ್ಲಿ ಬಿಸಿನೀರು ಕೇಳಿದರೆ ಅರ್ಧ ಲೋಟ ಕುದಿ ನೀರಿಗೆ ಅರ್ಧ ಲೋಟ ನಲ್ಲಿ ನೀರು ಬೆರೆಸಿ, ಕುಡಿಯುವ ಹದ ಮಾಡಿ ಕೊಡುತ್ತಾರೆ. ಬಾಯಿ ಸುಡದಿರಲಿ ಅಂತ ಪಾಪ. ಬೆಚ್ಚಗಿದೆ, ಸೇಫ್ ಅಂತ ನಾವು ಕುಡಿಯುತ್ತೇವೆ. ನಲ್ಲಿ ನೀರಿನಲ್ಲಿ ಏನಿದೆಯೋ ಅದೆಲ್ಲ ಹಾಗೇ ಒಳಗೆ ಹೋಗುತ್ತದೆ. ನಾನು ಈಗ "ಅಣ್ಣಾ, ಕುದಿಯೋ ನೀರೇ ಕೊಡಿ, ಬೆರೆಸಬೇಡಿ" ಅಂತ ಬಾಟಲ್ ಮುಂದೆ ಹಿಡಿಯುತ್ತೇನೆ, ಒಂದು ಟೀಯನ್ನೂ ಕುಡಿಯುತ್ತೇನೆ. ಟೀ ಕುಡಿದವರಿಗೆ ಯಾರೂ ಇಲ್ಲ ಅಂದಿಲ್ಲ.

ಫಿಲ್ಟರ್ ಬಾಟಲ್ ಕೊಂಡಿದ್ದು ಆಸೆಗೆ. ಒಳಗೆ ಸಣ್ಣ ಸಣ್ಣ ಟೊಳ್ಳು ನಾರುಗಳ ಕಟ್ಟು ಇರುತ್ತದೆ, ಬಾಯಲ್ಲಿ ಎಳೆದರೆ ಸೋಸಿಕೊಂಡು ಬರುತ್ತದೆ. ನನ್ನದು 0.1 ಮೈಕ್ರಾನಿನದು, ಅಂದರೆ ಅದರ ತೂತು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಬ್ಯಾಕ್ಟೀರಿಯಾ ನಿಲ್ಲುತ್ತದೆ, ಆದರೆ ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಅದಕ್ಕಿಂತ ಎಷ್ಟೋ ಸಣ್ಣದು, ನುಸುಳಿಕೊಂಡು ಬರಬಹುದು. ಇದನ್ನು ಕೊಂಡ ಮೇಲೆ ಓದಿದೆ. ಬೋರ್‌ವೆಲ್ಲಿನ ಉಪ್ಪು ನೀರು ಹಾಕಿದರೆ ಉಪ್ಪು ನೀರೇ ಬರುತ್ತದೆ, ಅದಕ್ಕೆ ಆರ್‌ಒ ಬೇಕು. ಕೆಸರು ನೀರಿಗೆ ಕಟ್ಟಿಕೊಳ್ಳುತ್ತದೆ.

ಇದನ್ನೆಲ್ಲ ಸಹಿಸಬಹುದಿತ್ತು. ನಮ್ಮ ಮನೆಯಲ್ಲಿ ಅದು ಸೋತಿದ್ದು ಬೇರೆ ಕಾರಣಕ್ಕೆ. ನಾವೆಲ್ಲ ಬಾಟಲ್ ಎತ್ತಿ ಕುಡಿಯುವವರು, ತುಟಿ ತಾಗಿಸುವುದಿಲ್ಲ. ಇದು ತುಟಿ ತಾಗಿಸಿ ಎಳೆದರೇ ಬರುವುದು. ಅಂದರೆ ಎಂಜಲು. ನಾನು ಕುಡಿದ ಮೇಲೆ ಅವ್ವ ಅದನ್ನು ಮುಟ್ಟಲೂ ಇಲ್ಲ. ತೊಳೆದು ಕೊಟ್ಟೆ, ಎಳೆದಳು, ದಮ್ಮು ಸಾಲಲಿಲ್ಲ, ವಾಪಸ್ ಕೊಟ್ಟಳು. ಯೋಚಿಸಿದರೆ ಅವ್ವನದೇ ಸರಿ. ಒಬ್ಬರ ಹೊಟ್ಟೆ ಕೆಟ್ಟಾಗ ಅದೇ ಬಾಟಲಿಗೆ ಇನ್ನೊಬ್ಬರು ಬಾಯಿ ಹಾಕುವುದು ಚೆನ್ನಲ್ಲ. ತಲೆಗೊಂದರಂತೆ ಕೊಳ್ಳಲು ನಮ್ಮಂಥವರಿಗೆ ಆಗುವುದಿಲ್ಲ.

ಕ್ಲೋರಿನ್ ಮಾತ್ರೆ ಅಗ್ಗ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಹಂಚುವುದೂ ಇಂಥದ್ದನ್ನೇ. ಹಾಕಿ ಅರ್ಧ ಗಂಟೆ ಕಾಯಬೇಕು, ಈಜುಕೊಳದ ವಾಸನೆ. ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಪಟ್ಟಿಯ ಮೇಲೆ ಓದಲೇಬೇಕು, 20 ಲೀಟರಿನದೂ ಇರುತ್ತದೆ. ಬೇರೇನೂ ಇಲ್ಲದಾಗ ಇರಲಿ ಅಂತ ಪರ್ಸಿನಲ್ಲಿ ಇಟ್ಟಿದ್ದೇನೆ.

ಕೊಂಡುಕೊಳ್ಳುವ ಬಾಟಲ್ ನೀರನ್ನು ಪೂರ್ತಿ ಬಿಟ್ಟಿಲ್ಲ. ಮೈಸೂರಿನಿಂದ ಕಾಶಿಗೆ ರೈಲಿನಲ್ಲಿ ಹೋದಾಗ ಅದೇ ಗತಿ. ರೈಲಿನ ಚಾರ್ಜಿಂಗ್ ಸಾಕೆಟ್ಟಿಗೆ ಕೆಟಲ್ ಹಾಕುವಂತಿಲ್ಲ, ಬೆಂಕಿಯ ಭಯಕ್ಕೆ ನಿಷೇಧ ಇದೆ. ಅಲ್ಲಿ ನನ್ನ ಸ್ಟೀಲ್ ಬಾಟಲ್ ಸೋತಿತು, ಒಪ್ಪುತ್ತೇನೆ. ಈಗ ಕೊಳ್ಳುವಾಗ ಸೀಲ್ ನೋಡುತ್ತೇನೆ, ಆಹಾರದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ನೋಡುತ್ತೇನೆ, ಯಾರೂ ಮತ್ತೆ ತುಂಬಿ ಮಾರದಿರಲಿ ಅಂತ ಕುಡಿದ ಮೇಲೆ ಬಾಟಲನ್ನು ತುಳಿದು ಚಪ್ಪಟೆ ಮಾಡುತ್ತೇನೆ. ಆದರೆ ದಿನಾ ಅಂದರೆ ಲೆಕ್ಕ ಹಾಕಿ: ಮೂವರಿಗೆ ತಲಾ 3 ಲೀಟರ್, ಲೀಟರಿಗೆ ಸುಮಾರು 20 ರೂಪಾಯಿ, ದಿನಕ್ಕೆ 180. ಐದು ದಿನದ ಯಾತ್ರೆಗೆ 900. ಅಷ್ಟರಲ್ಲಿ ನನ್ನ ಥರದ ಬಾಟಲ್ ಮೂರು ಬರುತ್ತವೆ.

ಇನ್ನೊಂದು ಮಾತು, ಹೆಂಗಸರಿಗೆ. ದಾರಿಯಲ್ಲಿ ಒಳ್ಳೆ ಟಾಯ್ಲೆಟ್ ಸಿಗಲ್ಲ ಅಂತ ನಾವು ನೀರೇ ಕುಡಿಯುವುದಿಲ್ಲ. ನಾನೂ ಹಾಗೇ ಇದ್ದೆ, ಉರಿಮೂತ್ರ ಆಗಿ ಬುದ್ಧಿ ಬಂತು. ಎಂಥ ಬಾಟಲ್ ಇದ್ದರೇನು, ತುಂಬಿದ್ದು ತುಂಬಿದ ಹಾಗೇ ಮನೆಗೆ ಬಂದರೆ?

ಒಂದು ಲೀಟರಿನದೇ ಬೇಕು ಅಂತ ಹಟ ಹಿಡಿಯುವುದಕ್ಕೂ ಕಾರಣ ಇದೆ. ಹೊಟ್ಟೆ ಕೆಟ್ಟ ಆ ಮೂರು ದಿನದ ರಜೆಯಲ್ಲಿ ಡಾಕ್ಟರ್, ಭೇದಿಯಲ್ಲಿ ಹೋದ ನೀರು, ಉಪ್ಪು ತುಂಬಿಕೊಡುವ ಓಆರ್‌ಎಸ್ ಪುಡಿ ಕೊಟ್ಟರು. 21.8 ಗ್ರಾಮಿನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಮುಕ್ಕಾಲು ಲೀಟರಿನ ಬಾಟಲಿಗೆ ಸುರಿದರೆ ಉಪ್ಪು ಜಾಸ್ತಿಯಾಗುತ್ತದೆ, ಅದರಲ್ಲೂ ಮಕ್ಕಳಿಗೆ ತೊಂದರೆ. ಅರ್ಧ ಪ್ಯಾಕೆಟ್ ಹಾಕೋಣ ಅಂದರೆ ಅಂದಾಜು ತಪ್ಪುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇಲ್ಲೂ ಒಂದು ಲೀಟರ್ರೇ. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ಸಿಹಿ ಹಣ್ಣಿನ ಪಾನೀಯ ಇದರ ಬದಲಿಗೆ ಆಗುವುದಿಲ್ಲ. ಅಂಥವಕ್ಕೆ ಓಆರ್‌ಎಸ್ ಅನ್ನುವ ಹೆಸರು ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶವನ್ನೇ ಹೊರಡಿಸಿತು.

ಫ್ಲಾಸ್ಕನ್ನು ಬಿಸಾಡಿಲ್ಲ. ಈಗ ಅದು ಅವ್ವನ ಕಾಫಿಗೆ. ಬೆಳಿಗ್ಗೆ ಹಾಕಿಟ್ಟು ಹೋದರೆ ನಾನು ಸಂಜೆ ಮೈಸೂರಿನಿಂದ ವಾಪಸ್ ಬರುವವರೆಗೂ ಬಿಸಿ. ಫಿಲ್ಟರ್ ಬಾಟಲನ್ನು ತಮ್ಮನ ಮಗ ಕುಮಾರಪರ್ವತ ಹತ್ತಲು ಅಂತ ಒಯ್ದ. ಇನ್ನೂ ವಾಪಸ್ ಕೊಟ್ಟಿಲ್ಲ. ನಾನೂ ಕೇಳಿಲ್ಲ.