ಫಾರ್ಮಸಿ ಸೀಟು ಬಂತು: ಚಾಯ್ಸ್ 1 ಒತ್ತಬೇಕೋ, 2 ಒತ್ತಬೇಕೋ?

ಸಿಇಟಿಯಲ್ಲಿ ಬಿ.ಫಾರ್ಮ್ ಸೀಟು ಹಂಚಿಕೆಯಾದ ದಿನ ರಾಯಚೂರು, ಕೊಪ್ಪಳದ ಮನೆಗಳಲ್ಲಿ ಇದೇ ಚರ್ಚೆ. ಸಿಕ್ಕ ಸೀಟನ್ನು ಏನು ಮಾಡುತ್ತೀರಿ ಅಂತ ಆನ್‌ಲೈನ್‌ನಲ್ಲಿ ನಾಲ್ಕು ‘ಚಾಯ್ಸ್’ಗಳಲ್ಲಿ ಒಂದನ್ನು ಒತ್ತಬೇಕು.

ಚಾಯ್ಸ್ 1 ಅಂದ್ರೆ ಪೂರ್ತಿ ಒಪ್ಪಿಗೆ. ಶುಲ್ಕ ಕಟ್ಟಿ ಕಾಲೇಜಿಗೆ ಸೇರಬೇಕು, ಮುಂದಿನ ಸುತ್ತು ನಿಮಗಿಲ್ಲ. ಹತ್ತಿರದ ಕಾಲೇಜೇ ಬೇಕಿತ್ತು, ಅದೇ ಸಿಕ್ಕಿದೆ ಅಂತಾದ್ರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಚಾಯ್ಸ್ 2 ನಾಜೂಕಿನದು. ಸಿಕ್ಕ ಸೀಟು ಉಳಿಯುತ್ತದೆ, ನೀವು ಕೊಟ್ಟ ಆದ್ಯತೆಯ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದ ಕಾಲೇಜುಗಳನ್ನು ಮಾತ್ರ ಮುಂದಿನ ಸುತ್ತಿನಲ್ಲಿ ನೋಡುತ್ತಾರೆ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿಯೇ ರದ್ದು. ಆಮೇಲೆ ‘ಹಳೆಯದೇ ಇರಲಿ’ ಅನ್ನುವಂತಿಲ್ಲ. ಬೆಂಗಳೂರಿನ ಹಾಸ್ಟೆಲ್ ಖರ್ಚು ಆಗಲ್ಲ ಅನ್ನುವವರು ಅಲ್ಲಿನ ಕಾಲೇಜನ್ನು ಪಟ್ಟಿಯ ಮೇಲೆ ಬಿಟ್ಟುಕೊಂಡು ಇದನ್ನು ಒತ್ತುವುದು ಯಾಕೆ, ಅಲ್ವಾ? ಪಟ್ಟಿ ತಿದ್ದಲು ಅವಕಾಶ ಇದ್ದರೆ ಮೊದಲು ತಿದ್ದಿ. ಶುಲ್ಕ ಯಾವಾಗ ಕಟ್ಟಬೇಕು ಎಂಬುದನ್ನು ಆ ವರ್ಷದ ಕೆಇಎ (ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೂಚನೆಯಲ್ಲೇ ಓದಿ, ಸೈಬರ್ ಸೆಂಟರಿನವರ ಮಾತು ಸಾಲದು.

ಚಾಯ್ಸ್ 3ರಲ್ಲಿ ಸಿಕ್ಕ ಸೀಟು ಕೈಬಿಟ್ಟು ಮುಂದಿನ ಸುತ್ತಿಗೆ ಕಾಯುತ್ತೀರಿ. ಆ ಕಾಲೇಜಿಗೆ ಏನೇ ಆದರೂ ಹೋಗಲ್ಲ ಅನ್ನುವವರಿಗೆ ಮಾತ್ರ ಸರಿ. ಚಾಯ್ಸ್ 4 ಅಂದ್ರೆ ಕೌನ್ಸೆಲಿಂಗ್‌ನಿಂದಲೇ ಹೊರಗೆ.

371ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಸರ್ಟಿಫಿಕೇಟ್ ಇದ್ದವರಿಗೆ ಲೆಕ್ಕ ಬೇರೆ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಮೀಸಲು, ಹೊರಗೆ ಶೇ 8. ಬಳ್ಳಾರಿ, ಕಲಬುರಗಿ ಕಡೆಯ ಒಳ್ಳೆಯ ಕಾಲೇಜು ಮೇಲಿದ್ದರೆ ಚಾಯ್ಸ್ 2 ನನಗೆ ಇಷ್ಟ.

ಈ ನಡುವೆ ‘ಮ್ಯಾನೇಜ್‌ಮೆಂಟ್ ಸೀಟು ಈಗಲೇ ಹಿಡಿದುಕೊಳ್ಳಿ’ ಎಂಬ ಫೋನೂ ಬರುತ್ತದೆ. ಮುಂಗಡ ಕಟ್ಟುವ ಮೊದಲು ವಾಪಸಿನ ನಿಯಮವನ್ನು ಬರಹದಲ್ಲಿ ಕೇಳಿ. ಮೂಲ ಅಂಕಪಟ್ಟಿ ಮಾತ್ರ ಅಲ್ಲಿ ಬಿಟ್ಟು ಬರಬೇಡಿ.