ಮಲ್ಪೆಯಿಂದ ಕಡಲಹಕ್ಕಿ ಟ್ರಿಪ್: ಬೋಟಿಗೆ ಫುಲ್ ಮಾರ್ಕ್ಸ್, ಗೈಡ್‌ಗೆ ಅರ್ಧ

ಸೆಪ್ಟೆಂಬರ್ ಕೊನೆಯಲ್ಲಿ ಮಲ್ಪೆ ಬಂದರಿನಿಂದ ಕಡಲಹಕ್ಕಿ ನೋಡುವ ಟ್ರಿಪ್‌ಗೆ ಹೋಗಿದ್ದೆ. ತಲೆಗೆ 4,500 ರೂಪಾಯಿ, ಬೆಳಗ್ಗೆ 5ಕ್ಕೆ ಹೊರಟು ಸಂಜೆ ವಾಪಸ್. ನಡೆಸುವವರ ಹೆಸರು ಬೇಡ ಬಿಡಿ.

ಮೂರು ಗಂಟೆ ಹೋದರೂ ಬರೀ ನೀರು. ನಾನು ಹೊರಡುವ ಮುಂಚೆಯೇ ವಾಂತಿ ಮಾತ್ರೆ ನುಂಗಿದ್ದೆ, ನುಂಗದವರು ಬೋಟಿನ ಅಂಚು ಹಿಡಿದು ಕೂತಿದ್ದರು. ಬೋಟು ನಡೆಸುವ ತಾಂಡೇಲರು ಮಾತ್ರ ಅಪ್ಪಟ ಬಂಗಾರ. ನೀರು ಕಡುನೀಲಿಗೆ ತಿರುಗಿದ ಕಡೆ ಎಂಜಿನ್ ವೇಗ ಇಳಿಸಿ, ಭೂತಾಯಿ ಮೀನಿನ ಚೂರು ಎಸೆಸಿದರು. ಮೊದಲು ಬಂದದ್ದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಕಾಲು ನೀರಿಗೆ ತಾಗಿಸುತ್ತಾ ಕುಣಿದ ಹಾಗೆ ಹಾರುತ್ತದೆ. ಇಷ್ಟು ಪುಟ್ಟ ಹಕ್ಕಿ ಅಂಟಾರ್ಕ್ಟಿಕದ ಕಡೆ ಮರಿ ಮಾಡಿ ಇಲ್ಲಿವರೆಗೂ ಬರುತ್ತದೆ ಅಂದರೆ ನಂಬುವುದೇ ಕಷ್ಟ ಅಲ್ವಾ?

ಆಮೇಲೆ ಕಡುಕಂದು ಹಕ್ಕಿಯೊಂದು ರೆಕ್ಕೆಯನ್ನು ಗಟ್ಟಿಯಾಗಿ ಚಾಚಿಕೊಂಡು ಅಲೆಯ ಇಳಿಜಾರಿನಲ್ಲಿ ಜಾರಿ ಬಂತು. ಗೈಡ್ "ಜೌವಾನಿನ್ಸ್ ಪೆಟ್ರೆಲ್!" ಎಂದು ಕೂಗಿದರು. ಸೊಕೊಟ್ರಾ ದ್ವೀಪದ ಬಂಡೆಗಳಲ್ಲಿ ಗೂಡು ಕಟ್ಟುವ ಅಪರೂಪದ ಹಕ್ಕಿ ಅದು, ಕೇಳಬೇಕೇ, ಎಲ್ಲರೂ ಒಂದೇ ಕಡೆ ನುಗ್ಗಿ ಬೋಟು ವಾಲಿತು. ನಾನು 100-400 ಲೆನ್ಸ್, ಶಟರ್ 1/2000 ಇಟ್ಟು 60 ಫೋಟೋ ಹೊಡೆದೆ, 50ರಲ್ಲಿ ಬರೀ ಅಲೆ. ಉಳಿದದ್ದರಲ್ಲಿ ಒಂದನ್ನು ದೊಡ್ಡದು ಮಾಡಿ ನೋಡಿದರೆ ಕೊಕ್ಕು ನಸುಗುಲಾಬಿ, ತುದಿ ಮಾತ್ರ ಕಪ್ಪು. ಜೌವಾನಿನ್ಸ್‌ಗೆ ಕೊಕ್ಕು ಪೂರ್ತಿ ಕಪ್ಪು. ಇದು ಫ್ಲೆಶ್-ಫೂಟೆಡ್ ಶಿಯರ್‌ವಾಟರ್! ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ದ್ವೀಪಗಳಲ್ಲಿ ಮರಿ ಮಾಡುವ ಹಕ್ಕಿ, ದಡದಲ್ಲಿ ನಿಂತು ಕಾದರೆ ಸುಲಭಕ್ಕೆ ಸಿಗುವಂಥದ್ದಲ್ಲ. ನನಗಂತೂ ಅಷ್ಟೇ ಖುಷಿ. ಗೈಡ್‌ಗೆ ತೋರಿಸಿದರೆ "ಬೆಳಕಿಗೆ ಹಾಗೆ ಕಾಣ್ತದೆ ಮಾರಾಯ್ರೆ" ಎಂದು ಪಟ್ಟಿಯಲ್ಲಿ ಜೌವಾನಿನ್ಸ್ ಅಂತಲೇ ಬರೆದುಕೊಂಡರು. ನನ್ನ ತಕರಾರು ಇದೇ. ಕಣ್ಣು ತಪ್ಪುವುದು ಸಹಜ, ಆದರೆ ಫೋಟೋ ಮುಂದಿದ್ದರೂ ಒಪ್ಪದಿದ್ದರೆ ಏನು ಮಾಡುವುದು?

ಹೋಗುವವರಿಗೆ: ಟ್ರೈಪಾಡ್ ಸುಮ್ನೆ ಭಾರ, ಎಂಜಿನ್ ಅದುರುವಿಕೆಗೆ ನಿಲ್ಲುವುದಿಲ್ಲ. ಲೆನ್ಸ್ ಮೇಲೆ ಉಪ್ಪುನೀರು ಕೂತರೆ ಒಣಬಟ್ಟೆಯಲ್ಲಿ ತಿಕ್ಕಬೇಡಿ, ಸಿಹಿನೀರಲ್ಲಿ ಒದ್ದೆ ಮಾಡಿ ಒರೆಸಿ. ಊಟಕ್ಕೆ ಕೊಟ್ಟ ಗಂಜಿ, ಉಪ್ಪಿನಕಾಯಿ ಚೆನ್ನಾಗಿತ್ತು, ನೀರಿನ ಬಾಟಲಿ ಮಾತ್ರ ಇನ್ನೂ ಜಾಸ್ತಿ ಬೇಕಿತ್ತು.

ಮುಂದಿನ ವರ್ಷವೂ ಹೋಗುತ್ತೇನೆ. ತಾಂಡೇಲರ ನಂಬರ್ ತಗೊಂಡಾಗಿದೆ.